ಹಳೆಯ ಫಿಲ್ಮ್ ತಂದಿದ್ದೀರಾ?

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಬರಹರೂಪ)



ಕೆಲವು ವಾರಗಳ ಹಿಂದೆ ನಮ್ಮ ಫೋನ್-ಇನ್ ಮುಗಿದು, ಸ್ಟುಡಿಯೋ ಬಾಗಿಲ ಮೇಲಿನ ಕೆಂಪು ದೀಪ ಆರಿದ ಮೇಲೆ ಒಂದು ಕರೆ ಬಂತು. ಡೊಂಬಿವಲಿ ಪೂರ್ವದಿಂದ ಒಬ್ಬ ತಾಯಿ. ಹಾಡು ಕೇಳಲು ಮಾಡಿದ ಕರೆ ಅಲ್ಲ. ಮೂರು ವರ್ಷದ ಮಗಳು ಕಟ್ಟಡದ ಮೆಟ್ಟಿಲಿನಿಂದ ಉರುಳಿ ಬಿದ್ದಿದ್ದಾಳೆ, ನಾಲ್ಕು ಸಲ ವಾಂತಿಯಾಗಿದೆ, ಮಂಪರು ಮಂಪರಾಗಿದ್ದಾಳೆ. ಡಾಕ್ಟರು ನೋಡಿ ತಲೆಯ ಸೀಟಿ ಸ್ಕ್ಯಾನ್ ಬರೆದುಕೊಟ್ಟಿದ್ದಾರೆ. ಆಕೆ ಚೀಟಿ ಹಿಡಿದುಕೊಂಡು ಮನೆಗೆ ವಾಪಸು ಬಂದುಬಿಟ್ಟಿದ್ದರು. ಕಾರಣ, ಪಕ್ಕದ ಮನೆಯವರು ಹೇಳಿದರಂತೆ: "ಸೀಟಿ ಅಂದರೆ ನಾನೂರು ಎಕ್ಸ್-ರೇಗೆ ಸಮ. ಇಷ್ಟು ಸಣ್ಣ ಮಗುವಿಗೆ ಮಾಡಿಸಿದರೆ ಮುಂದೆ ಕ್ಯಾನ್ಸರ್ ಬರುತ್ತೆ." ಹಿಂದೊಮ್ಮೆ ನಮ್ಮಲ್ಲಿ ಮಕ್ಕಳ ಡಾಕ್ಟರೊಬ್ಬರು ಮಾತಾಡಿದ್ದರಲ್ಲ, ಅವರ ನಂಬರ್ ಕೊಡಿ, ಕೇಳುತ್ತೇನೆ ಎಂದರು.

ನಾನು ಕನ್ನಡ ಬಿ.ಎ. ಓದಿದವಳು, ಡಾಕ್ಟರಲ್ಲ. ಆದರೂ ಆ ಹೊತ್ತಿನಲ್ಲಿ ಬಾಯಿಗೆ ಬಂದದ್ದು ಒಂದೇ ಮಾತು: "ಅಮ್ಮಾ, ನಂಬರ್ ಆಮೇಲೆ. ಮೊದಲು ಆಟೋ ಹಿಡಿದು ಹೋಗಿ ಸ್ಕ್ಯಾನ್ ಮಾಡಿಸಿ." ಅವರು ಹೋದರು. ಮಗುವನ್ನು ಎರಡು ದಿನ ಆಸ್ಪತ್ರೆಯಲ್ಲೇ ಇರಿಸಿಕೊಂಡು ಕಳಿಸಿದರಂತೆ, ಈಗ ಚೆನ್ನಾಗಿದೆ. ಆದರೆ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಏಕೆಂದರೆ ನಮ್ಮ ಮನೆಯಲ್ಲೇ ಇದರ ತೀರಾ ಉಲ್ಟಾ ನಡೆದಿತ್ತು.

2016ರ ಮಳೆಗಾಲ. ನನ್ನ ಅಕ್ಕನ ಮಗನಿಗೆ ಆಗ ನಾಲ್ಕು ವರ್ಷ. ಮಂಚದ ಮೇಲೆ ಕುಣಿಯುತ್ತಾ ಕೆಳಗೆ ಬಿದ್ದ. ಬಿದ್ದ ತಕ್ಷಣ ಜೋರಾಗಿ ಅತ್ತ, ಹಣೆಯ ಮೇಲೆ ಅಡಿಕೆ ಗಾತ್ರದ ಬುಗುಟು. ವಾಂತಿ ಇಲ್ಲ, ಜ್ಞಾನ ತಪ್ಪಿಲ್ಲ, ಹತ್ತು ನಿಮಿಷಕ್ಕೆ ಬಿಸ್ಕತ್ತು ಕೇಳಿದ. ಆಸ್ಪತ್ರೆಯ ಡ್ಯೂಟಿ ಡಾಕ್ಟರು ಚೆನ್ನಾಗಿ ಪರೀಕ್ಷಿಸಿ, "ನಾಲ್ಕಾರು ಗಂಟೆ ಇಲ್ಲೇ ಕೂತಿರಿ, ನೋಡೋಣ, ಸ್ಕ್ಯಾನ್ ಬೇಡ" ಎಂದರು. ನಮ್ಮ ಭಾವ ಕೇಳಬೇಕಲ್ಲ! "ದುಡ್ಡು ಎಷ್ಟಾದರೂ ಆಗಲಿ ಡಾಕ್ಟ್ರೇ, ಒಂದು ಸೀಟಿ ತೆಗೆದೇಬಿಡಿ, ನಾಳೆ ಏನಾದರೂ ಆದರೆ ಯಾರು ಜವಾಬ್ದಾರಿ?" ನಾನೂ ಭಾವನ ಜೊತೆ ದನಿಗೂಡಿಸಿದೆ. 'ಯಾರು ಜವಾಬ್ದಾರಿ' ಎಂದು ಕೇಳಿದ ಮೇಲೆ ಯಾವ ಡಾಕ್ಟರು ತಾನೇ ಬೇಡ ಎಂದಾರು? ಸ್ಕ್ಯಾನ್ ಆಯಿತು, ಎಲ್ಲ ಸರಿಯಿತ್ತು. ಅಲ್ಲಿಗೂ ಮುಗಿಯಲಿಲ್ಲ. ಮಾರನೆಯ ದಿನ ಯಾರೋ ಹೇಳಿದರೆಂದು ಮುಂಬಯಿಯ ದೊಡ್ಡ ಆಸ್ಪತ್ರೆಗೆ ಹೋದರು. "ಹಳೆಯ ಫಿಲ್ಮ್ ತಂದಿದ್ದೀರಾ?" ಎಂದು ಕೇಳಿದರು. ಫಿಲ್ಮ್ ಡೊಂಬಿವಲಿಯ ಸೆಂಟರಿನಲ್ಲೇ ಉಳಿದಿತ್ತು, ಸಂಜೆ ಕೊಡುತ್ತೇವೆ ಅಂದಿದ್ದರು. ಅದಕ್ಕಾಗಿ ಮತ್ತೆ ಲೋಕಲ್ ಹತ್ತಿ ಬರುವುದು ಯಾರು? ಇನ್ನೊಂದು ಸ್ಕ್ಯಾನ್ ಆಯಿತು. ಬೇಕಿಲ್ಲದ ಒಂದು, ಅದರ ಮೇಲೆ ಬೇಕಿಲ್ಲದ ಇನ್ನೊಂದು. ಅದೂ ನಾವೇ ಹಟ ಹಿಡಿದು ಮಾಡಿಸಿದ್ದು.

ಒಂದು ಮನೆಯಲ್ಲಿ ಬೇಕಾದ ಸ್ಕ್ಯಾನಿಗೆ ಹೆದರಿಕೆ, ಇನ್ನೊಂದು ಮನೆಯಲ್ಲಿ ಬೇಡದ ಸ್ಕ್ಯಾನಿಗೆ ಆತುರ. ಇವೆರಡರ ನಡುವೆ ತಂದೆತಾಯಿ ಹೇಗೆ ನಡೆದುಕೊಳ್ಳಬೇಕು? ಇವತ್ತಿನ ಮಾತು ಅದರ ಬಗ್ಗೆ.

1895ರ ನವೆಂಬರಿನಲ್ಲಿ ಜರ್ಮನಿಯ ರಂಟ್‌ಗನ್ ಎಕ್ಸ್-ಕಿರಣ ಕಂಡುಹಿಡಿದರು. ಡಿಸೆಂಬರಿನಲ್ಲಿ ಹೆಂಡತಿಯ ಕೈಯ ಚಿತ್ರ ತೆಗೆದರು. ಎಲುಬು, ಬೆರಳಿನ ಉಂಗುರ ಎರಡೂ ಕಂಡವು. ಮುಂದಿನ ಐವತ್ತು ಅರವತ್ತು ವರ್ಷ ಜನ ಅದನ್ನು ಆಟಿಕೆಯಂತೆ ಬಳಸಿದರು ಎಂದರೆ ನಂಬುತ್ತೀರಾ? ಅಮೆರಿಕ, ಇಂಗ್ಲೆಂಡಿನ ಚಪ್ಪಲಿ ಅಂಗಡಿಗಳಲ್ಲಿ ಒಂದು ಮರದ ಪೆಟ್ಟಿಗೆ ಇರುತ್ತಿತ್ತು. ಮಗು ಹೊಸ ಬೂಟು ಹಾಕಿಕೊಂಡು ಪಾದ ಒಳಗಿಟ್ಟರೆ, ಬೂಟಿನೊಳಗೆ ಬೆರಳಿನ ಎಲುಬು ಅಲ್ಲಾಡುವುದು ಮೇಲಿನ ಕಿಂಡಿಯಲ್ಲಿ ಕಾಣುತ್ತಿತ್ತು. ಅಮ್ಮ ಒಂದು ಕಿಂಡಿಯಲ್ಲಿ, ಅಂಗಡಿಯವನು ಇನ್ನೊಂದರಲ್ಲಿ, ಮಗು ಮೂರನೆಯದರಲ್ಲಿ ಇಣುಕುವುದು. ಅದೂ ಎಕ್ಸ್-ಕಿರಣವೇ. ಹಾನಿಯ ಅರಿವು ಬಂದ ಮೇಲೆ ಆ ಪೆಟ್ಟಿಗೆಗಳು ಒಂದೊಂದಾಗಿ ಮಾಯವಾದವು. ಉಪಯೋಗವಿಲ್ಲದ ಕಡೆ ಈ ಕಿರಣ ಬಳಸಬಾರದು ಎಂಬ ಇಷ್ಟು ಸಣ್ಣ ವಿಷಯ ಕಲಿಯಲು ಅಷ್ಟು ವರ್ಷ ಬೇಕಾಯಿತು.

ಹಾಗೆಂದು ವಿಕಿರಣ ಎಂದೊಡನೆ ಹೌಹಾರಬೇಕಿಲ್ಲ. ಮಣ್ಣಿನಿಂದ, ಆಕಾಶದಿಂದ, ಗೋಡೆಯ ಇಟ್ಟಿಗೆಯಿಂದ, ತಿನ್ನುವ ಅನ್ನದಿಂದ ಅದು ದಿನವೂ ನಮಗೆ ತಾಗುತ್ತಲೇ ಇದೆ. ಜಗತ್ತಿನ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಮಿಲಿಸೀವರ್ಟ್ ಎಂಬುದು ಮೈಗೆ ತಾಗುವ ವಿಕಿರಣದ ಅಳತೆ, ಹಾಲಿಗೆ ಲೀಟರ್ ಇದ್ದಂತೆ. ನಮ್ಮ ಕರಾವಳಿಯ ಕೇಳುಗರಿಗೆ ಒಂದು ಸ್ವಾರಸ್ಯ: ಕೇರಳದ ಕರುನಾಗಪಳ್ಳಿಯಂತೆ ನಮ್ಮ ಉಳ್ಳಾಲದ ಕಡಲತಡಿಯಲ್ಲೂ ಕೆಲವು ಕಡೆ ಮರಳಿನಲ್ಲೇ ಈ ಅಂಶ ಹೆಚ್ಚು. ಮಂಗಳೂರು ವಿಶ್ವವಿದ್ಯಾನಿಲಯದವರು ಅದನ್ನು ಅಳೆದಿದ್ದಾರೆ.

ಈಗ ಲೆಕ್ಕ ನೋಡಿ. ಎದೆಯ ಒಂದು ಎಕ್ಸ್-ರೇಗೆ ಸುಮಾರು 0.02 ಮಿಲಿಸೀವರ್ಟ್. ಅಂದರೆ ಸುಮ್ಮನೆ ಮನೆಯಲ್ಲಿ ಕೂತಿದ್ದರೂ ಮೂರು ದಿನದಲ್ಲಿ ತಾಗುವಷ್ಟು. ತಲೆಯ ಸೀಟಿಗೆ ಸುಮಾರು 2, ಅಂದರೆ ನೂರು ಎಕ್ಸ್-ರೇ, ಹತ್ತು ತಿಂಗಳ ಲೆಕ್ಕ. ಹೊಟ್ಟೆಯ ಸೀಟಿಗೆ 5ರಿಂದ 10. ಪಕ್ಕದ ಮನೆಯವರು ಹೇಳಿದ ನಾನೂರು ಪೂರ್ತಿ ಸುಳ್ಳಲ್ಲ. ಅದು ದೊಡ್ಡವರ ಹೊಟ್ಟೆಯ ಸ್ಕ್ಯಾನಿನ ಲೆಕ್ಕ, ಆ ಮಗುವಿನ ತಲೆಯದಲ್ಲ. ಸೀಟಿಯಲ್ಲಿ ಯಂತ್ರ ಸುತ್ತುತ್ತಾ ನೂರಾರು ಕೋನಗಳಿಂದ ಕಿರಣ ಹಾಯಿಸುತ್ತದೆ, ಹಾಗಾಗಿ ಇಷ್ಟು ವ್ಯತ್ಯಾಸ.

ಮಕ್ಕಳ ವಿಷಯದಲ್ಲಿ ಹೆಚ್ಚು ಎಚ್ಚರ ಏಕೆ? ಬೆಳೆಯುವ ಮೈಯಲ್ಲಿ ಜೀವಕೋಶಗಳು ಬೇಗ ಬೇಗ ಒಡೆದು ಹೆಚ್ಚುತ್ತಿರುತ್ತವೆ, ಪೆಟ್ಟು ತಿನ್ನುವುದೂ ಬೇಗ. ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು, ಪೆಟ್ಟಿನ ಫಲ ಕಾಣಿಸಿಕೊಳ್ಳಲು ಅಷ್ಟು ಕಾಲಾವಕಾಶ. ಮೂರನೆಯ ಕಾರಣವೇ ನಮ್ಮ ಕೈಯಲ್ಲಿರುವುದು. ದೊಡ್ಡವರಿಗೆ ಇಟ್ಟ ಅಳತೆಯಲ್ಲೇ ಪುಟ್ಟ ಮೈಗೆ ಯಂತ್ರ ಓಡಿಸಿದರೆ ಒಳಗಿನ ಅಂಗಗಳಿಗೆ ಡೋಸ್ ಜಾಸ್ತಿಯಾಗುತ್ತದೆ. ಹತ್ತು ಜನರ ಸಾರಿಗೆ ಹಾಕುವ ಉಪ್ಪನ್ನು ಇಬ್ಬರ ಸಾರಿಗೆ ಹಾಕಿದಂತೆ. ಸಾರಾದರೆ ಬಾಯಿಗಿಟ್ಟ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಚಿತ್ರ ಇನ್ನೂ ಸ್ಪಷ್ಟವಾಗಿ, ಚೆಂದವಾಗಿ ಬರುತ್ತದೆ! ಹಾಗಾಗಿ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಎಚ್ಚರ ಎಲ್ಲ ಕಡೆ ಹರಡಲೆಂದು 2008ರಲ್ಲಿ ಅಮೆರಿಕದ ಮಕ್ಕಳ ರೇಡಿಯಾಲಜಿಸ್ಟರು ಇತರರ ಜೊತೆ ಸೇರಿ 'ಇಮೇಜ್ ಜೆಂಟ್ಲಿ' ಎಂಬ ಆಂದೋಲನವನ್ನೇ ಶುರುಮಾಡಿದರು. ಅವರು ಹೇಳಿದ್ದು ಇಷ್ಟೇ: ಮಗುವಿನ ಗಾತ್ರಕ್ಕೆ ತಕ್ಕ ಡೋಸ್ ಇಡಿ, ಬೇಕಾದ ಭಾಗವನ್ನಷ್ಟೇ ತೆಗೆಯಿರಿ, ಒಮ್ಮೆ ಸಾಕಾದರೆ ಎರಡು ಸಲ ತೆಗೆಯಬೇಡಿ.

ಹಾಗಾದರೆ ಅಪಾಯ ಎಷ್ಟು? ಆ ತಾಯಿ ಕೇಳಿದ ಪ್ರಶ್ನೆಯನ್ನು ಹಾರಿಸಿ ಹೋಗುವುದು ಸರಿಯಲ್ಲ. 2012ರಲ್ಲಿ 'ಲಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ಒಂದು ಅಧ್ಯಯನ ಬಂತು. ಸೀಟಿ ಮಾಡಿಸಿಕೊಂಡ ಸುಮಾರು 1 ಲಕ್ಷ 80 ಸಾವಿರ ಮಕ್ಕಳು ಮತ್ತು ಯುವಕರನ್ನು ವರ್ಷಗಟ್ಟಲೆ ಹಿಂಬಾಲಿಸಿ ಲೆಕ್ಕ ಹಾಕಿದ್ದರು. ಹತ್ತು ವರ್ಷದೊಳಗಿನ ಹತ್ತು ಸಾವಿರ ಮಕ್ಕಳಿಗೆ ತಲೆಯ ಸೀಟಿ ಮಾಡಿದರೆ, ಮುಂದಿನ ಹತ್ತು ವರ್ಷದಲ್ಲಿ ಒಂದು ರಕ್ತದ ಕ್ಯಾನ್ಸರ್, ಒಂದು ಮೆದುಳಿನ ಗಡ್ಡೆ ಹೆಚ್ಚಾಗಿ ಬರಬಹುದು ಎಂದು ಅವರ ಅಂದಾಜು. 2023ರಲ್ಲಿ ಯೂರೋಪಿನ ಒಂಬತ್ತು ದೇಶಗಳ ಸುಮಾರು ಹತ್ತು ಲಕ್ಷ ಜನರ ಅಧ್ಯಯನ ಬಂತು. ಅದರಲ್ಲೂ ಹೆಚ್ಚುಕಡಿಮೆ ಇದೇ ಮಾತು: ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೋ ಇಬ್ಬರಿಗೋ ಹನ್ನೆರಡು ವರ್ಷದೊಳಗೆ ರಕ್ತಸಂಬಂಧಿ ಕ್ಯಾನ್ಸರ್.

ಹತ್ತು ಸಾವಿರಕ್ಕೆ ಒಂದು ಎಂದರೆ ಏನೆಂದು ತಿಳಿಯೋಣ? ತಲೆಯೊಳಗೆ ರಕ್ತ ಸೋರುತ್ತಿರಬಹುದು ಎಂಬ ಅನುಮಾನ ಇರುವ ಮಗುವಿಗೆ ಅದು ಲೆಕ್ಕಕ್ಕೇ ಇಲ್ಲ. ಸ್ಕ್ಯಾನ್ ಮಾಡಿಸದಿರುವುದೇ ದೊಡ್ಡ ಅಪಾಯ. ಬಿಸ್ಕತ್ತು ತಿನ್ನುತ್ತಾ ಕೂತಿದ್ದ ನಮ್ಮ ಹುಡುಗನಿಗೋ, ಲಾಭ ಸೊನ್ನೆ. ಸೊನ್ನೆಯ ಎದುರಿಗೆ ಹತ್ತು ಸಾವಿರಕ್ಕೆ ಒಂದೂ ದುಬಾರಿಯೇ.

ಯಾವ ಮಗುವಿಗೆ ಬೇಕು, ಯಾವುದಕ್ಕೆ ಬೇಡ ಎಂದು ಹೇಳಲು ಡಾಕ್ಟರಿಗೆ ಬರೀ ಊಹೆಯಲ್ಲದೆ ಆಧಾರವೂ ಇದೆ. 2009ರಲ್ಲಿ ಉತ್ತರ ಅಮೆರಿಕದ 25 ತುರ್ತು ವಿಭಾಗಗಳಲ್ಲಿ ತಲೆಗೆ ಪೆಟ್ಟಾಗಿ ಬಂದ 42,412 ಮಕ್ಕಳ ಅಧ್ಯಯನ ಪ್ರಕಟವಾಯಿತು. ಅವರಲ್ಲಿ ನೂರಕ್ಕೆ 35 ಮಕ್ಕಳಿಗೆ ಸೀಟಿ ಆಗಿತ್ತು. ಆದರೆ ಚಿಕಿತ್ಸೆ ಬೇಕಾಗುವಂಥ ಗಂಭೀರ ಪೆಟ್ಟು ಇದ್ದದ್ದು ಒಟ್ಟು 376 ಮಕ್ಕಳಿಗೆ, ನೂರಕ್ಕೆ ಒಂದೂ ಇಲ್ಲ. ಎರಡು ವರ್ಷ ದಾಟಿದ ಮಗುವಿನಲ್ಲಿ ಅವರು ನೋಡುವ ಚಿಹ್ನೆಗಳು ಇವು: ಮಂಕು ಅಥವಾ ಗೊಂದಲ, ಜ್ಞಾನ ತಪ್ಪಿದ್ದು, ವಾಂತಿ, ತೀವ್ರ ತಲೆನೋವು, ತಲೆಬುರುಡೆಯ ತಳ ಒಡೆದ ಗುರುತು, ಐದು ಅಡಿಗಿಂತ ಎತ್ತರದಿಂದ ಬಿದ್ದದ್ದು ಅಥವಾ ವಾಹನ ಡಿಕ್ಕಿಯಂಥ ದೊಡ್ಡ ಅಪಘಾತ. ಇವು ಯಾವುವೂ ಇಲ್ಲದಿದ್ದರೆ ಗಂಭೀರ ಪೆಟ್ಟಿನ ಸಾಧ್ಯತೆ ಹತ್ತು ಸಾವಿರಕ್ಕೆ ಐದಕ್ಕಿಂತಲೂ ಕಡಿಮೆ. ನಮ್ಮ ಹುಡುಗನಿಗೆ ಒಂದೂ ಇರಲಿಲ್ಲ. ಫೋನ್ ಮಾಡಿದ ತಾಯಿಯ ಮಗಳಿಗೆ ಎರಡಿದ್ದವು. ಎರಡು ವರ್ಷದೊಳಗಿನ ಕೂಸುಗಳಿಗೆ ಲೆಕ್ಕ ಬೇರೆ, ಮೂರು ಅಡಿ ಎತ್ತರವೇ ಹೆಚ್ಚು, ಹಣೆ ಬಿಟ್ಟು ತಲೆಯ ಬೇರೆ ಕಡೆ ಬುಗುಟು ಬಂದರೂ ಎಚ್ಚರ. ಇದನ್ನು ಕೇಳಿ ಮನೆಯಲ್ಲೇ ತೀರ್ಮಾನ ಮಾಡಿಬಿಡಬೇಡಿ ಮತ್ತೆ! ನೋಡಬೇಕಾದವರು ಡಾಕ್ಟರೇ. ಅವರು ನೋಡಿ "ಬೇಡ, ಕಾದು ನೋಡೋಣ" ಎಂದರೆ ಅದು ಅಸಡ್ಡೆಯಲ್ಲ ಎಂದು ತಿಳಿಯಲು ಇಷ್ಟು ಹೇಳಿದೆ.

ಇನ್ನು ನಮ್ಮ ಊರಿನ ಮಾತು. ಇಡೀ ದೇಶದ ಎಕ್ಸ್-ರೇ, ಸೀಟಿ ಯಂತ್ರಗಳಿಗೆ ಲೈಸೆನ್ಸ್ ಕೊಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇರುವುದು ನಮ್ಮ ಮುಂಬಯಿಯಲ್ಲೇ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನ್ ಹಿಡಿದು ಮಾನ್‌ಖುರ್ದ್ ಕಡೆ ಹೋದರೆ ಅಣುಶಕ್ತಿನಗರ, ಅಲ್ಲಿ ಅದರ ಕಚೇರಿ. 1983ರ ನವೆಂಬರಿನಲ್ಲಿ ಸ್ಥಾಪನೆಯಾದದ್ದು. ವಿಕಿರಣ ರಕ್ಷಣೆಯ ನಿಯಮಗಳು 2004ರವು. ಈಗ ಲೈಸೆನ್ಸ್ ಎಲ್ಲ 'ಈ-ಲೋರಾ' ಎಂಬ ಕಂಪ್ಯೂಟರ್ ವ್ಯವಸ್ಥೆಯ ಮೂಲಕ. ನಿಮ್ಮ ನಾಕಾದ ಸಣ್ಣ ಎಕ್ಸ್-ರೇ ಕ್ಲಿನಿಕ್ಕಿಗೂ ಇದು ಬೇಕು. ಬಾಗಿಲ ಹೊರಗೆ ವಿಕಿರಣದ ಗುರುತು, ಕೆಂಪು ದೀಪ ಇರಬೇಕು. ನಮ್ಮ ಸ್ಟುಡಿಯೋಗೂ ಅವರಿಗೂ ಇದೊಂದು ಸಾಮ್ಯ: ಕೆಂಪು ದೀಪ ಉರಿಯುತ್ತಿದ್ದರೆ ಒಳಗೆ ನುಗ್ಗಬಾರದು. ಮುಂದಿನ ಸಲ ಹೋದಾಗ ಲೈಸೆನ್ಸ್ ಇದೆಯೇ ಎಂದು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ಮಗುವನ್ನು ಹಿಡಿದುಕೊಳ್ಳಬೇಕಾಗಿ ಬಂದರೆ ಅಲ್ಲಿನ ನೌಕರರು ಹಿಡಿಯುವಂತಿಲ್ಲ, ಮನೆಯ ದೊಡ್ಡವರೊಬ್ಬರು ಸೀಸದ ಏಪ್ರನ್ ಹಾಕಿಕೊಂಡು ಹಿಡಿಯಬೇಕು. ಗರ್ಭಿಣಿಯರು ಆ ಕೆಲಸಕ್ಕೆ ಹೋಗಬಾರದು. ಅಜ್ಜಿಯನ್ನೋ ಅಪ್ಪನನ್ನೋ ಕಳಿಸಿ.

ನನ್ನನ್ನು ಯೋಚನೆಗೆ ಹಚ್ಚಿದ ಸಂಗತಿ ಬೇರೆ. ವಿಕಿರಣದ ಕೆಲಸ ಮಾಡುವವರಿಗೆ ಮಿತಿ ಇದೆ, ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್. ಅವರು ಎದೆಯ ಮೇಲೆ ಬ್ಯಾಡ್ಜ್ ಹಾಕಿಕೊಂಡು ಅಳೆಸಿಕೊಳ್ಳುತ್ತಾರೆ. ಹೊರಗಿನ ಸಾರ್ವಜನಿಕರಿಗೆ ಇಂಥ ಕೇಂದ್ರಗಳಿಂದ ವರ್ಷಕ್ಕೆ 1 ಮಿಲಿಸೀವರ್ಟ್‌ಗಿಂತ ಹೆಚ್ಚು ತಾಗಬಾರದು. ಆದರೆ ಮೇಜಿನ ಮೇಲೆ ಮಲಗುವ ರೋಗಿಗೆ ಮಿತಿಯೇ ಇಲ್ಲ! ಇದು ತಪ್ಪಲ್ಲ, ಜೀವ ಉಳಿಸಲು ಹತ್ತು ಸ್ಕ್ಯಾನ್ ಬೇಕಾದರೆ ಕಾನೂನು ಅಡ್ಡ ಬರಬಾರದಲ್ಲ. ಹಾಗಾಗಿ ಅಲ್ಲಿ ಮಿತಿ ಹಾಕುವವರು ಮೂರೇ ಜನ: ಬರೆದುಕೊಡುವ ಡಾಕ್ಟರು, ಯಂತ್ರ ನಡೆಸುವವರು, ಮಗುವಿನ ಕೈ ಹಿಡಿದು ನಿಂತ ನಾವು. ನಾವು ಬಾಯಿ ಬಿಟ್ಟು ಕೇಳಬೇಕಾದದ್ದು ಇದಕ್ಕಾಗಿ.

ಏನು ಕೇಳುವುದು? "ಡಾಕ್ಟ್ರೇ, ಇದರಿಂದ ಔಷಧಿಯಲ್ಲಿ ಏನಾದರೂ ಬದಲಾಗುತ್ತದೆಯೇ?" ಎಂದು ಮೆತ್ತಗೆ ಕೇಳಿ. ಶೀತ, ಕಟ್ಟಿದ ಮೂಗು, ಎಂದಿನ ಉಬ್ಬಸಕ್ಕೆ ಪ್ರತಿ ಸಲ ಎದೆಯ ಎಕ್ಸ್-ರೇ ಬೇಕಿಲ್ಲ. ನ್ಯುಮೋನಿಯಾ ವಾಸಿಯಾಗಿ ಮಗು ಓಡಾಡುತ್ತಿದ್ದರೆ "ಪೂರ್ತಿ ಹೋಯಿತೇ ನೋಡೋಣ" ಎಂಬ ಎಕ್ಸ್-ರೇಯೂ ಸಾಮಾನ್ಯವಾಗಿ ಬೇಕಿಲ್ಲ. ಆದರೆ ಕ್ಷಯದ ಅನುಮಾನ ಇದ್ದು ಎಕ್ಸ್-ರೇ ಬರೆದಿದ್ದರೆ ಅರೆಕ್ಷಣವೂ ಯೋಚಿಸಬೇಡಿ. ಈ ಊರಿನ ಕಿಕ್ಕಿರಿದ ಲೋಕಲ್, ಗಾಳಿಯಾಡದ ಖೋಲಿಗಳಲ್ಲಿ ಕ್ಷಯ ದೂರದ ಮಾತಲ್ಲ, ಮೂರು ದಿನದ ವಿಕಿರಣಕ್ಕೆ ಹೆದರಿ ಅದನ್ನು ಬಿಟ್ಟುಬಿಡುವುದು ಹುಚ್ಚುತನ.

"ಸೋನೋಗ್ರಫಿಯಲ್ಲಿ ಆಗುವುದಿಲ್ಲವೇ?" ಎಂದೂ ಕೇಳಬಹುದು. ಅಪೆಂಡಿಕ್ಸಿನ ಅನುಮಾನಕ್ಕೆ, ಮೂತ್ರಪಿಂಡಕ್ಕೆ ಮಕ್ಕಳಲ್ಲಿ ಮೊದಲು ಅದನ್ನೇ ಮಾಡುವುದು. ಕೆಲವರು ಅದಕ್ಕೂ ಹೆದರುತ್ತಾರೆ. ಬಹುಶಃ ಪ್ರತಿ ಸೋನೋಗ್ರಫಿ ಸೆಂಟರಿನಲ್ಲಿ ತೂಗುವ, ಗರ್ಭಲಿಂಗ ಪತ್ತೆ ಇಲ್ಲಿ ಇಲ್ಲ ಎಂಬ ಬೋರ್ಡು ನೋಡಿ ಅದೂ ಏನೋ ಅಪಾಯದ ವಸ್ತು ಅನ್ನಿಸುತ್ತದೋ ಏನೋ. ಆ ಬೋರ್ಡು 1994ರ ಕಾಯಿದೆಯ ಫಲ, ಹೆಣ್ಣುಮಕ್ಕಳನ್ನು ಉಳಿಸಲು. ಸೋನೋಗ್ರಫಿಯಲ್ಲಿ ಎಕ್ಸ್-ಕಿರಣವಿಲ್ಲ, ಇರುವುದು ಕಿವಿಗೆ ಕೇಳಿಸದ ಶಬ್ದ. ಒಂದರ್ಥದಲ್ಲಿ ಅದು ನಮ್ಮ ಕಸುಬಿನವರದೇ! ಎಮ್ಮಾರೈಯಲ್ಲೂ ಈ ವಿಕಿರಣ ಇಲ್ಲ. ಆದರೆ ಹೊತ್ತು ಹಿಡಿಯುತ್ತದೆ, ಖರ್ಚು ಹೆಚ್ಚು, ಸಣ್ಣ ಮಕ್ಕಳಿಗೆ ಮಲಗಿಸುವ ಔಷಧಿ ಬೇಕಾಗಬಹುದು.

ಸೀಟಿಯೇ ಬೇಕು ಎಂದಾದರೆ ಸೆಂಟರಿನವರನ್ನು ಒಂದು ಮಾತು ಕೇಳಿ: "ಮಕ್ಕಳ ಸೆಟ್ಟಿಂಗ್ ಇಡುತ್ತೀರಿ ತಾನೇ?" ಇಷ್ಟು ಕೇಳಿದರೆ ಸಾಕು, ಮರೆತಿದ್ದವರಿಗೂ ನೆನಪಾಗುತ್ತದೆ. ಮಗುವಿನ ಗುಪ್ತಾಂಗಕ್ಕೆ ಸೀಸದ ತುಂಡು ಮುಚ್ಚಲಿಲ್ಲ ಎಂದು ಜಗಳ ಮಾತ್ರ ತೆಗೆಯಬೇಡಿ. ಹಿಂದೆ ಮುಚ್ಚುತ್ತಿದ್ದರು ನಿಜ. ಆದರೆ 2019ರಲ್ಲಿ ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘವೇ ಅದನ್ನು ವಾಡಿಕೆಯಾಗಿ ಮಾಡುವುದು ಬೇಡ ಎಂದಿದೆ. ತುಂಡು ಜರುಗಿ ನೋಡಬೇಕಾದ ಜಾಗವನ್ನೇ ಮುಚ್ಚಿದರೆ ಮತ್ತೆ ತೆಗೆಯಬೇಕಾಗುತ್ತದೆ, ಕೆಲವು ಯಂತ್ರಗಳು ಸೀಸ ಅಡ್ಡ ಬಂದರೆ ತಾವಾಗಿಯೇ ಡೋಸ್ ಏರಿಸಿಬಿಡುತ್ತವೆ.

ಮತ್ತೆ ತೆಗೆಯುವುದು ಎಂದೆನಲ್ಲ, ನಮ್ಮ ಕನ್ನಡ ಮನೆಗಳಿಗೆ ಸಂಬಂಧಿಸಿದ ಒಂದು ಮಾತು ಇಲ್ಲೇ ಇದೆ. ಎಕ್ಸ್-ರೇ ಎರಡು ಸಲ ಆಗುವುದಕ್ಕೆ ಒಂದು ಕಾರಣ ಮಗು ಅಲುಗಾಡುವುದು. ಒಳಗೆ ಟೆಕ್ನಿಷಿಯನ್ ಮರಾಠಿಯಲ್ಲಿ "ಶ್ವಾಸ ರೋಖೂನ್ ಧರ್, ಹಲೂ ನಕೋ" ಎನ್ನುತ್ತಾರೆ, ಅಥವಾ ಹಿಂದಿಯಲ್ಲಿ "ಸಾಸ್ ರೋಕೋ". ಮನೆಯಲ್ಲಿ ಕನ್ನಡವೋ ತುಳುವೋ ಆಡುವ, ಇನ್ನೂ ಬಾಲವಾಡಿಗೂ ಹೋಗದ ಮಗು "ಅಮ್ಮಾ, ಏನಂತಾರೆ?" ಎಂದು ಬಾಯಿ ತೆರೆದು ತಿರುಗುವುದೂ ಬಟನ್ ಒತ್ತುವುದೂ ಒಂದೇ ಆಗುತ್ತದೆ. ಚಿತ್ರ ಕಲಸಿಹೋಗುತ್ತದೆ, ಇನ್ನೊಂದು. ಹೋಗುವ ಮುನ್ನ ಮನೆಯಲ್ಲೇ ಎರಡು ಸಲ ಆಟ ಆಡಿಸಿ: "ನಾನು ಸಾಸ್ ರೋಕೋ ಅಂದ ಕೂಡಲೇ ಕಪ್ಪೆಯ ಹಾಗೆ ಗಾಳಿ ತುಂಬಿಕೊಂಡು ಕಲ್ಲಿನ ಹಾಗೆ ನಿಲ್ಲಬೇಕು ಪುಟ್ಟಾ." ನಮ್ಮ ಅಕ್ಕ ಈಗ ಇದರಲ್ಲಿ ಪಳಗಿದ್ದಾಳೆ. ಅವಳ ಕಟ್ಟಡದ ಮಕ್ಕಳೆಲ್ಲ ಲಿಫ್ಟಿನಲ್ಲಿ ಕಪ್ಪೆಯಾಟ ಆಡುತ್ತಾರೆ.

ಇನ್ನು ಫಿಲ್ಮ್. ಮಗುವಿನ ಲಸಿಕೆ ಪುಸ್ತಕದ ಹಿಂದಿನ ಪುಟದಲ್ಲೇ ಒಂದು ಗೆರೆ ಎಳೆದು ಬರೆಯಿರಿ: ತಾರೀಕು, ಯಾವ ಭಾಗ, ಎಕ್ಸ್-ರೇಯೋ ಸೀಟಿಯೋ, ಎಲ್ಲಿ. ರಿಪೋರ್ಟ್ ಮಾತ್ರ ಸಾಲದು, ಫಿಲ್ಮ್ ಅಥವಾ ಸೀಡಿ ಕೇಳಿ ತೆಗೆದುಕೊಳ್ಳಿ. ಈಗ ಎಷ್ಟೋ ಕಡೆ ಮೊಬೈಲಿಗೆ ಲಿಂಕ್ ಕಳಿಸುತ್ತಾರೆ. ಲಿಂಕ್ ಕೆಲವು ದಿನಕ್ಕೆ ಸತ್ತುಹೋಗಬಹುದು, ಇಳಿಸಿಟ್ಟುಕೊಳ್ಳಿ. ರಜೆಗೆ ಊರಿಗೆ ಹೋಗುವಾಗ, ಮಗುವಿಗೆ ಹಳೆಯ ಕಾಯಿಲೆ ಏನಾದರೂ ಇದ್ದರೆ, ಆ ಕವರು ಸೂಟ್‌ಕೇಸಿನಲ್ಲಿರಲಿ. ಇಲ್ಲಿಯ ಡಾಕ್ಟರು ತೆಗೆಸಿದ್ದನ್ನು ಉಡುಪಿಯ ಡಾಕ್ಟರು ಮತ್ತೆ ತೆಗೆಸುವುದು ಬೇಡ.

ನಮ್ಮ ಹುಡುಗ ಈಗ ಹೈಸ್ಕೂಲಿನಲ್ಲಿದ್ದಾನೆ, ಆರೋಗ್ಯವಾಗಿದ್ದಾನೆ. ಹೋದ ವರ್ಷ ಕ್ರಿಕೆಟ್ ಆಡುತ್ತಾ ಮಣಿಕಟ್ಟು ಮುರಿದುಕೊಂಡ. ಎಕ್ಸ್-ರೇ ಬೇಕೇ ಬೇಕಿತ್ತು, ಮಾಡಿಸಿದರು. ಎರಡು ವಾರ ಬಿಟ್ಟು ಬೇರೊಬ್ಬ ಡಾಕ್ಟರಲ್ಲಿ ತೋರಿಸಲು ಹೋದಾಗ ಕೌಂಟರಿನಲ್ಲಿ ಕೂತವರು ತಲೆ ಎತ್ತದೆಯೇ ಎಕ್ಸ್-ರೇ ಚೀಟಿ ಬರೆಯತೊಡಗಿದರಂತೆ. ನಮ್ಮ ಭಾವ, ಅಂದು "ತೆಗೆದೇಬಿಡಿ" ಎಂದಿದ್ದ ಅದೇ ಭಾವ, ಬ್ಯಾಗಿನಿಂದ ಹಳದಿ ಕವರು ತೆಗೆದು ಮೇಜಿನ ಮೇಲಿಟ್ಟರಂತೆ: "ಹಿಂದಿನದು ತಂದಿದ್ದೇನೆ. ಮೊದಲು ಡಾಕ್ಟರು ಇದನ್ನು ನೋಡಲಿ, ಆಮೇಲೂ ಬೇಕೆಂದರೆ ತೆಗೆಯಿರಿ." ಡಾಕ್ಟರು ಬೆಳಕಿಗೆ ಹಿಡಿದು ನೋಡಿ, ಪಟ್ಟಿ ಬಿಚ್ಚುವ ದಿನ ಒಂದು ತೆಗೆದರೆ ಸಾಕು ಎಂದರಂತೆ.